ಓದದೆ ಕೊಟ್ಟ ಮೆಚ್ಚುಗೆ

ಮೊನ್ನೆ ಬೀರು ತೆಗೆದಾಗ, ಮದುವೆಯೊಂದರಲ್ಲಿ ಆಯೇರಿಯಾಗಿ, ಅಂದರೆ ಉಡುಗೊರೆಯಾಗಿ ಬಂದಿದ್ದ ಕುಪ್ಪಸದ ಖಣ ಕಾಲ ಮೇಲೆ ಬಿತ್ತು. ಮಡಿಕೆ ಬಿಚ್ಚಿರಲಿಲ್ಲ. ನಮ್ಮ ಕಡೆ ಇಂಥ ಖಣ ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತದೆ. ಹೊಲಿಸಿಕೊಳ್ಳುವವರು ಯಾರೂ ಇಲ್ಲ. ಅದನ್ನು ಕಂಡರೆ ನನಗೆ ನೆನಪಾಗುವುದು ಮದುವೆಯಲ್ಲ, ನಮ್ಮ ಬ್ಲಾಗು. ನಗಬೇಡಿ, ಹೇಳುತ್ತೇನೆ.

ಹದಿನೈದು ವರ್ಷದ ಹಿಂದೆ ನಿಪ್ಪಾಣಿ, ಚಿಕ್ಕೋಡಿ, ಅಥಣಿ ಕಡೆಯ ನಾವೊಂದಿಷ್ಟು ಮಂದಿ ಸೇರಿ ಒಂದು ಬ್ಲಾಗು ನಡೆಸುತ್ತಿದ್ದೆವು. ಯಾರು ಬೇಕಾದರೂ ಬರೆಯಬಹುದು; ಹೆಚ್ಚು ಪ್ರತಿಕ್ರಿಯೆ ಬಂದ ಬರಹ ವಾರವಿಡೀ ಮೊದಲ ಪುಟದಲ್ಲಿ. ಉಸ್ತುವಾರಿ ನನ್ನದು. ಎಂಥ ಸಡಗರದ ದಿನಗಳವು! ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕುವಷ್ಟರಲ್ಲಿ ಚಹಾ ತಣ್ಣಗಾದದ್ದು ಎಷ್ಟು ಸಲವೋ. ಆದರೆ ನಮ್ಮವರು ಅಲ್ಲಿಗೂ ಆಯೇರಿಯ ರೂಢಿ ತಂದರು. ನೀವು ನನ್ನ ಕವಿತೆಗೆ ‘ಛಲೋ ಐತ್ರಿ’ ಅಂದರೆ ನಿಮ್ಮ ಪ್ರವಾಸಕಥನಕ್ಕೆ ನಾನು ‘ಮಸ್ತ್ ಐತ್ರಿ’ ಅನ್ನಲೇಬೇಕು. ಓದುವ ಗೊಡವೆಗೆ ಹೋಗುತ್ತಿದ್ದವರು ಕಡಿಮೆ.

ಸದಲಗಾದ ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದ ಶೋಭಕ್ಕನಿಗೆ ಈ ಕೊಡುಕೊಳ್ಳುವಿಕೆ ಗೊತ್ತಿರಲಿಲ್ಲ. ವಾರಕ್ಕೊಮ್ಮೆ ಸೈಬರ್ ಕೆಫೆಗೆ ಬಂದು, ಸಿಕ್ಕ ಅರ್ಧ ತಾಸಿನಲ್ಲಿ ತಮ್ಮದನ್ನು ಟೈಪು ಮಾಡಿ ಹೋಗುತ್ತಿದ್ದರು. ಬೇರೆಯವರನ್ನು ಹೊಗಳಲು ಪುರುಸೊತ್ತಿಲ್ಲ, ಹಾಗಾಗಿ ಅವರನ್ನು ಹೊಗಳುವವರೂ ಇಲ್ಲ. ಎಮ್ಮೆಗಳ ಬಗ್ಗೆ, ದೂಧಗಂಗೆಯ ನೆರೆಯ ಬಗ್ಗೆ ಎಷ್ಟು ಚಂದ ಬರೆಯುತ್ತಿದ್ದರು! ಎಲ್ಲವೂ ಎರಡೇ ದಿನಕ್ಕೆ ಕೆಳಗಿನ ಪುಟಗಳಿಗೆ ಇಳಿದುಹೋಗುತ್ತಿತ್ತು.

ಇದು ಅನ್ಯಾಯ ಅನ್ನಿಸಿತು. ಊರಿಗೆಲ್ಲ ನ್ಯಾಯ ಹೇಳುವವನಲ್ಲವೇ ನಾನು? ಒಂದು ಸೋಮವಾರ ಕೂತು, ಯಾರಿಗೂ ಭೇದ ಮಾಡದೆ, ಎಲ್ಲ ಬರಹಗಳ ಕೆಳಗೂ ಒಂದೇ ಸಾಲು ಅಂಟಿಸಿದೆ: ‘ಸೊಗಸಾಗಿದೆ, ಹೀಗೇ ಬರೆಯುತ್ತಿರಿ.’ ಶೋಭಕ್ಕ ಆ ವಾರ ಬರೆದದ್ದು ಅವರ ಅವ್ವ ತೀರಿಕೊಂಡದ್ದರ ಬಗ್ಗೆ.

ಅವರು ಮತ್ತೆ ಕೆಫೆಗೆ ಬಂದ ದಿನ ನನಗೆ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ನನಗೆ ಅದೇ ಕಷ್ಟವಾಯಿತು.

“ಸರ್, ಓದಿ ಬೈದಿದ್ರೂ ನಡೀತಿತ್ರಿ. ಓದಲಾರದ ಹೊಗಳೀರಲ್ರಿ.”

ಆಮೇಲೆ ಅವರು ಬರೆಯಲಿಲ್ಲ. ಎರಡು ವರ್ಷಕ್ಕೆ ಬ್ಲಾಗೂ ಮುಚ್ಚಿತು. ನಾಚಿಕೆಗೆ ನಾನು ಆ ಬರಹವನ್ನು ತೆರೆಯಲೇ ಇಲ್ಲ. ಎಲ್ಲವನ್ನೂ ಒಂದು ಸಿ.ಡಿ.ಗೆ ಹಾಕಿಟ್ಟು ಕೈತೊಳೆದುಕೊಂಡಿದ್ದೆ.

ಮೊನ್ನೆ ಆ ಸಿ.ಡಿ. ಹುಡುಕಿ ಓದಿದೆ. ಅವ್ವನ ಕೈಗಲ್ಲದೆ ಬೇರೆ ಯಾರ ಕೈಗೂ ಹಾಲು ಕೊಡದ ಎಮ್ಮೆಯೊಂದರ ಮಾತೇ ತುಂಬ ಇತ್ತು. ಅವ್ವನ ಸಾವು ಕೊನೆಯ ಒಂದು ಸಾಲಿನಲ್ಲಿ ಮುಗಿದಿತ್ತು. ಕಣ್ಣು ಒರೆಸಿಕೊಂಡು ಫೋನ್ ಮಾಡಿದೆ. ನಂಬರು ಅದೇ ಇತ್ತು. ತಪ್ಪಾಯಿತು ಅಂದೆ. ಬರಹ ನಡುವೆಯೇ ನಿಂತುಬಿಟ್ಟಿದೆ, ಅವತ್ತು ಸಂಜೆ ಎಮ್ಮೆ ಹಿಂಡಿದವರು ಯಾರು ಅಂತ ನೀವು ಬರೆದೇ ಇಲ್ಲವಲ್ಲ ಎಂದು ಕೇಳಿದೆ.



“ಅವ್ವನ ಸೀರಿ ಉಟ್ಕೊಂಡು ನಾನ ಹಿಂಡಿದ್ನಿರಿ,” ಅಂದರು. “ಯಾರರ ಕೇಳ್ತಾರೇನಂತ ಭಾಳ ದಿನಾ ಕಾದ್ನಿರಿ.”

ಹೀಗೇ ಬರೆಯುತ್ತಿರಿ ಅನ್ನಲು ನನಗೆ ಬಾಯಿ ಬರಲಿಲ್ಲ. ಹೇಳ್ರಿ ಅಂದೆ, ಕೇಳುತ್ತ ಕೂತೆ.