ಕಣ್ಣು ಮುಚ್ಚಿ ಎಳೆದ ಗೆರೆ

ಮೊನ್ನೆ ಮೊಮ್ಮಗಳು ಚಿತ್ರಕ್ಕೆ ಬಣ್ಣ ಕಲಸಲು ಅಗಸೆ ಎಣ್ಣೆಯ ಸೀಸೆ ತೆರೆದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಾನ್ವಿಯಲ್ಲಿ ನಾಲ್ಕಾರು ಸಂಸಾರಗಳಿದ್ದ ನಮ್ಮ ವಾಡೆಯ ಅಂಗಳಕ್ಕೆ ಹೋಗಿ ನಿಂತೆ. ಎದುರಿನ ಬಾಡಿಗೆ ಖೋಲಿಯಲ್ಲಿ ಡ್ರಾಯಿಂಗ್ ಮಾಸ್ತರರಿದ್ದರು...

ಅದು ನಿಜಾಮರ ಆಳ್ವಿಕೆಯ ಕೊನೆಯ ಬೇಸಿಗೆ. ದೇವದುರ್ಗದ ವರ ಗೊತ್ತಾದನೆಂದು ಅಪ್ಪ ನನ್ನ ಶಾಲೆ ಬಿಡಿಸಿದ್ದರು. ಹೊರಗೆ ಗಲಾಟೆ, ಹೊಸ್ತಿಲು ದಾಟುವಂತಿರಲಿಲ್ಲ. ಅಂಗಳವೇ ನನಗೆ ಊರು. ಉಸಿರು ಕಟ್ಟುತ್ತಿತ್ತು.

ಮಾಸ್ತರರು ಮುಂಬಯಿಯಲ್ಲಿ ಕಲಿಯುವಾಗ ಒಳಮನಸ್ಸನ್ನೇ ಚಿತ್ರವಾಗಿಸುವ ಅತಿವಾಸ್ತವ ಪಂಥದ, ಅಂದರೆ ಸರ್ರಿಯಲಿಸಂನ, ಹುಚ್ಚು ಹತ್ತಿಸಿಕೊಂಡಿದ್ದರು. ಆ ಪಂಥದಲ್ಲೂ ಎರಡು ಪಕ್ಷವಂತೆ. ಕಂಡ ಕನಸನ್ನು ಕೂದಲೆಳೆಯೂ ತಪ್ಪದಂತೆ ಚಿತ್ರಿಸಬೇಕೆಂಬುದು ಇವರ ಪಕ್ಷ. ಬುದ್ಧಿಯನ್ನು ಪಕ್ಕಕ್ಕಿಟ್ಟು ಕೈಯನ್ನು ಹೋದತ್ತ ಬಿಡಬೇಕು, ಒಳಮನಸ್ಸು ಹೊರಬರುವುದೇ ಹಾಗೆ ಎಂಬುದು ಮುಂಬಯಿಯ ಗೆಳೆಯನ ವಾದ. ಇಬ್ಬರೂ ಕಾಗದದಲ್ಲೇ ಜಗಳಾಡುತ್ತಿದ್ದರು. ಮಾಸ್ತರರು ಮಾತ್ರ ತಿಂಗಳುಗಟ್ಟಲೆ ಒಂದೇ ಕನಸನ್ನು, ನೀರೊಳಗೆ ನಿಂತ ಬಾಗಿಲನ್ನು, ತಿದ್ದುತ್ತ ಕೂತಿದ್ದರು. ಅದು ಮುಗಿಯುವ ಲಕ್ಷಣವೇ ಇರಲಿಲ್ಲ.

ಒಂದು ಬೆಳಗ್ಗೆ ನಾನು ಚುಕ್ಕಿಯಿಟ್ಟು ರಂಗೋಲಿ ಹಾಕುತ್ತಿದ್ದಾಗ ಮಾಸ್ತರರು ಗೆಳೆಯನ ಕಾಗದ ಹಿಡಿದು ಬಂದರು.

"ತಂಗೀ, ಚುಕ್ಕಿ ಬ್ಯಾಡ ಇವತ್ತು. ಕಣ್ಣು ಮುಚ್ಚಿ ಈ ಹಾಳಿ ಮ್ಯಾಲ ಗೆರಿ ಎಳಿ. ಅಂವನ ಮಾತು ಸುಳ್ಳಂತ ತೋರಸ್ತೀನಿ," ಎಂದರು.

ಎಳೆದೆ. ಪೆನ್ಸಿಲು ಓಡಿದ್ದೇ ಓಡಿದ್ದು. ಕಣ್ಣು ತೆರೆದರೆ, ಗೆರೆಗಳು ಸುತ್ತಿ ಸುತ್ತಿ ಹಾಳೆಯ ಅಂಚು ದಾಟಿ ಹೋಗಿದ್ದವು. ಮಾಸ್ತರರು ಬಹಳ ಹೊತ್ತು ನೋಡಿದರು.

"ಗೆದ್ದ ನೋಡು ಅಂವ," ಎಂದು ನಕ್ಕು, ತಮ್ಮ ಬಾಗಿಲಿನ ಚಿತ್ರದ ಪಕ್ಕದಲ್ಲೇ ಅದನ್ನು ಗೋಡೆಗೆ ಅಂಟಿಸಿದರು. ನನಗೆ ಹಿಗ್ಗೋ ಹಿಗ್ಗು.

ವಾರದೊಳಗೆ ಪೋಲೀಸರು ಬಂದರು. ನಿಜಾಮರ ರಾಜ್ಯದ ಗಡಿಯಾಚೆ ಅವರ ವಿರುದ್ಧ ಎದ್ದ ಹೋರಾಟಗಾರರ ಶಿಬಿರಗಳಿದ್ದ ಕಾಲ, ಮನೆಮನೆ ತಪಾಸಣೆ. ಬಾಗಿಲಿನ ಚಿತ್ರವನ್ನು ಯಾರೂ ಮುಟ್ಟಲಿಲ್ಲ. ನನ್ನ ಹಾಳೆಯನ್ನು ಕಿತ್ತುಕೊಂಡರು.

"ಶಿಬಿರಕ್ಕ ಹೋಗೋ ದಾರಿ ನಕ್ಷಾ ಅಲ್ಲೇನಿದು? ಯಾರು ತೆಗದಾರ?"

ನಾನು ನಮ್ಮ ಮನೆಯ ಕದದ ಹಿಂದೆ ನಿಂತಿದ್ದೆ. ಮಾಸ್ತರರು ನನ್ನತ್ತ ಒಮ್ಮೆಯೂ ತಿರುಗಲಿಲ್ಲ.

"ನಾನ ತೆಗದೀನ್ರಿ," ಎಂದರು.

ಅವರನ್ನು ರಾಯಚೂರಿಗೆ ಒಯ್ದರು. ಬಿಡುಗಡೆಯಾಯಿತೆಂದು ಯಾರೋ ಹೇಳಿದರು, ಮುಂಬಯಿಯಲ್ಲಿ ಕಂಡೆನೆಂದು ಇನ್ಯಾರೋ... ಮಾನ್ವಿಗಂತೂ ಬರಲಿಲ್ಲ. ನಾನು ದೇವದುರ್ಗದ ಸೊಸೆಯಾದೆ. ಆ ಗೆರೆ ನನ್ನದೆಂದು ಇಂದಿಗೂ ಯಾರೆದುರೂ ಬಾಯಿ ಬಿಟ್ಟಿಲ್ಲ. ನಾನು ಹೇಡಿ. ಆ ಗೆರೆ ದಾರಿಯೇ ಆಗಿತ್ತು, ಹೊರಗೆ ಹೋಗಲು ನನಗೆ ಬೇಕಾಗಿದ್ದ ದಾರಿ. ಅದಕ್ಕಾಗಿ ಒಳಗೆ ಹೋದವರು ಅವರು.

"ಅಜ್ಜೀ, ನೀನೂ ಏನರ ತೆಗಿ," ಎಂದು ಮೊಮ್ಮಗಳು ಕೈಗೆ ಪೆನ್ಸಿಲು ಕೊಟ್ಟಳು. ಮಾಸ್ತರರನ್ನು ನೆನೆದು ಕಣ್ಣು ಮುಚ್ಚಿದೆ. ತೆರೆದು ನೋಡಿದರೆ ಹಾಳೆಯ ತುಂಬ ರಂಗೋಲಿಯ ಚುಕ್ಕಿಗಳು... ಸಾಲು ಸಾಲಾಗಿ, ಅಳತೆ ತಪ್ಪದೆ. ಗೆರೆ ಒಂದೂ ಇರಲಿಲ್ಲ.