ಒಣಗಿಸಿಕೊಂಡು ಹೋದ ಸ್ಯಾಂಪಲ್

ಕಾಫಿ ಕಣದಲ್ಲಿ ಮೂವತ್ತು ವರ್ಷ ಮೇಸ್ತ್ರಿಯಾಗಿದ್ದವನು ನಾನು. ಹಸಿ ಸ್ಯಾಂಪಲ್ಲನ್ನು ವ್ಯಾಪಾರಿಯ ಮುಂದಿಟ್ಟು ಒಂದು ದಿನವೂ ಮಾನ ಕಳೆದುಕೊಂಡವನಲ್ಲ. ಬೀಜ ಕಚ್ಚಿದರೆ ಕಟುಂ ಅನ್ನಬೇಕು, ಮೀಟರಿಗೆ ಹಾಕಿದರೆ ತೇವ ತೋರಿಸಬಾರದು. ಇಷ್ಟೇ ನನ್ನ ವಿದ್ಯೆ. ನನ್ನನ್ನು ಕೆಡಿಸಿದ್ದೂ ಅದೇ.

ಮಂಡಿನೋವಿಗೆ ನಾನು ವರ್ಷಗಟ್ಟಲೆ ಅಂಗಡಿ ಮಾತ್ರೆ ನುಂಗುತ್ತಿದ್ದೇನೆಂದು ತಿಳಿದದ್ದೇ ಮೂಡಿಗೆರೆಯ ಡಾಕ್ಟರಮ್ಮ ಕಿಡ್ನಿ ಪರೀಕ್ಷೆ ಬರೆದುಕೊಟ್ಟರು. ನನ್ನ ಜೀವ ಬಾಯಿಗೆ ಬಂತು. ನಮ್ಮಣ್ಣ ಎರಡು ವರ್ಷ ಡಯಾಲಿಸಿಸ್ಸಿಗೆಂದು ಚಿಕ್ಕಮಗಳೂರಿಗೆ ಓಡಾಡಿ ತೀರಿಹೋದವನು. ಅವನ ಜೊತೆ ಹೋಗಿ ಕೂರುತ್ತಿದ್ದವನು ನಾನೇ. ಆ ಓಡಾಟದ ಚೀಲ ಇನ್ನೂ ನಮ್ಮನೆ ಬಾಗಿಲ ಹಿಂದಿನ ಮೊಳೆಯಲ್ಲಿ ಖಾಲಿ ತೂಗುತ್ತಿತ್ತು.

ರಕ್ತದ್ದಾದರೂ ಸ್ಯಾಂಪಲ್ ಸ್ಯಾಂಪಲ್ಲೇ ತಾನೆ? ಪರೀಕ್ಷೆಯ ಹಿಂದಿನ ದಿನ ಬೆಳಗಿನಿಂದಲೇ ಹನಿ ನೀರು ಮುಟ್ಟದೆ, ಸಂಜೆಯವರೆಗೂ ಬಿಸಿಲಲ್ಲಿ ನಿಂತು ಕಾಫಿ ಹರವಿದೆ.

"ಎಂತ ರೀ ಇದು, ನೀರಾದ್ರೂ ಕುಡೀರಿ!" ಅಂದಳು ಹೆಂಡತಿ.

"ನಿಂಗೆಂತ ಗೊತ್ತು? ನೀರು ಸೇರಿದ್ರೆ ಸ್ಯಾಂಪಲ್ ಕೆಡ್ತದೆ."

ರಿಪೋರ್ಟ್ ಬಂತು. ಕ್ರಿಯಾಟಿನಿನ್ ೧.೬, ಅದರ ಕೆಳಗೆ ಇಜಿಎಫ್‌ಆರ್ ೪೯. ನೂರು ಕೆಜಿ ಒಣ ಚೆರ್ರಿ, ಅಂದರೆ ಒಣಗಿದ ಕಾಫಿ ಹಣ್ಣು, ಸುಲಿದಾಗ ನಲವತ್ತೊಂಬತ್ತು ಕೆಜಿ ಬೀಜ ಬಿದ್ದರೆ ನಮ್ಮಲ್ಲಿ ಯಾರೂ ಮೂಗು ಮುರಿಯುವುದಿಲ್ಲ. ಹೆಮ್ಮೆಯಿಂದಲೇ ಕಾಗದವನ್ನು ಡಾಕ್ಟರಮ್ಮನ ಕೈಗಿತ್ತೆ. ಅವರ ಮುಖ ಸಣ್ಣದಾಯಿತು.

"ಇದು ಕಿಡ್ನಿ ಎಷ್ಟು ಸೋಸ್ತದೆ ಅನ್ನೋ ಲೆಕ್ಕ. ಅರವತ್ತರ ಮೇಲಿರ್ಬೇಕಿತ್ತು. ಕ್ರಿಯಾಟಿನಿನ್ ಅಂದ್ರೆ ಕಸ, ಸೋಸೋದು ಕಮ್ಮಿಯಾದ್ರೆ ರಕ್ತದಲ್ಲೇ ಉಳೀತದೆ. ನೀರು ಸರಿಯಾಗಿ ಕುಡಿದಿದ್ರಾ?"

"ಛೇ ಛೇ, ಒಂದು ಹನಿ ಇಲ್ಲ ಮೇಡಂ! ಚೆನ್ನಾಗಿ ಒಣಗಿಸ್ಕೊಂಡೇ ಬಂದಿದ್ದೆ."

ಅವರು ಪೆನ್ನು ಕೆಳಗಿಟ್ಟರು. "ಅಲ್ಲ ಮಾರಾಯ್ರೇ, ನೀವೆಂತ ಕಾಫಿ ಬೀಜವಾ? ಮೈ ಒಣಗಿದ್ರೂ ಈ ಕ್ರಿಯಾಟಿನಿನ್ ಏರ್ತದೆ. ಆ ಮಾತ್ರೆ ನಿಲ್ಸಿ, ನೀರು ಕುಡೀರಿ, ಎರಡು ವಾರ ಬಿಟ್ಟು ಮತ್ತೆ ನೋಡುವ. ಆಗ್ಲೂ ಹೀಗೇ ಇದ್ರೆ ಮಾತ್ರ ಯೋಚನೆ ಮಾಡ್ಬೇಕು."

ಆ ಎರಡು ವಾರ ಹೆಂಡತಿ ಒಂದು ಮಾತೂ ಬೈಯಲಿಲ್ಲ. ನಾನು ನಿಜಕ್ಕೂ ಹೆದರಿದ್ದು ಆಗಲೇ. ಚೊಂಬು ತಂದಿಟ್ಟು, ಖಾಲಿಯಾಗುವವರೆಗೆ ಅಲ್ಲೇ ನಿಂತಿರುತ್ತಿದ್ದಳು.

ಎರಡನೇ ಸಲ ಕ್ರಿಯಾಟಿನಿನ್ ೧.೨, ಇಜಿಎಫ್‌ಆರ್ ೭೦. ಮೂತ್ರದಲ್ಲೂ ಪ್ರೋಟೀನ್ ಇಲ್ಲ. "ಸದ್ಯಕ್ಕೆ ಹೆದರೋದೇನಿಲ್ಲ, ಮೂರು ತಿಂಗಳಿಗೆ ಬನ್ನಿ" ಅಂದರು ಡಾಕ್ಟರಮ್ಮ. ಮನೆಯ ಗೇಟಿನಿಂದಲೇ ಕೂಗಿದೆ, "ಎಪ್ಪತ್ತು ಕಣೇ!"

ಅವಳು ಬಾಗಿಲ ಹಿಂದಿನಿಂದ ಅಣ್ಣನ ಚೀಲ ಇಳಿಸಿ, ನೆಲದ ಮೇಲೆ ಕೂತು ಬಿಚ್ಚತೊಡಗಿದಳು. ನನ್ನ ಶಾಲು ಬಂತು, ಟವೆಲ್ ಬಂತು, ಫ್ಲಾಸ್ಕ್ ಬಂತು. ತಳದಲ್ಲಿ ಅವಳದೇ ಸ್ವೆಟರ್ ಇತ್ತು.

"ಇದ್ಯಾಕೆ?" ಅಂದೆ.

"ಡಯಾಲಿಸಿಸ್ ರೂಮಲ್ಲಿ ಏಸಿ ಚಳಿ ಜಾಸ್ತಿ ಅಂತ ನೀವೇ ಹೇಳ್ತಿದ್ರಲ್ಲ. ನಿಮ್ಮ ಜೊತೆ ಕೂರೋಳು ನಾನೇ ಅಲ್ದಾ?"