ಮೂವರು ಹಾಡಿದ ನಾಲ್ಕು ಸ್ವರ

ದೆವ್ವ, ಭೂತ, ಸತ್ತವರ ಸಂಚಾರ ಎಂಬ ಮಾತು ಬಂದರೆ ಮೂಗು ಮುರಿಯುವವರ ಪೈಕಿ ನಾನು. ಬಹಳ ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಯಾರಾದರೂ ಇಂಥ ಕತೆ ಶುರುಮಾಡಿದರೆ "ನೀವು ಕಣ್ಣಾರೆ ಕಂಡಿದ್ದೀರಾ?" ಎಂದು ಕೇಳಿ ಬಾಯಿ ಮುಚ್ಚಿಸುವ ಚಾಳಿ ನನಗೆ ಈಗಲೂ ಉಂಟು. ಇಲ್ಲಿ ಬರೆಯುತ್ತಿರುವುದನ್ನು ನಾನೂ ಕಣ್ಣಾರೆ ಕಂಡಿಲ್ಲ, ಕಿವಿಯಾರೆ ಕೇಳಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಐವತ್ತರ ದಶಕದ ಕೊನೆಯ ವರ್ಷಗಳು. ಮಂಗಳೂರಿನ ಬೋಳಾರದಲ್ಲಿ ಹೊಳೆಯ ಹತ್ತಿರ ನಮ್ಮ ಬಾಡಿಗೆ ಮನೆ. ಅಪ್ಪ ಮಿಶನ್ನಿನ ಶಾಲೆಯಲ್ಲಿ ಮರಗೆಲಸ ಕಲಿಸುವ ಮೇಸ್ಟ್ರು, ಭಾನುವಾರ ಚರ್ಚಿನ ಗಾಯನ ಮಂಡಳಿಗೂ ಅವರೇ ಮೇಸ್ಟ್ರು. ಪೂರ್ವ ಆಫ್ರಿಕದ ಒಂದು ಮಿಶನ್ ಶಾಲೆಯಲ್ಲಿ ಮರಗೆಲಸದ ತರಗತಿ ತೆರೆಯಲು ಕುಟುಂಬ ಸಮೇತ ಬರಬೇಕೆಂದು ಅವರಿಗೆ ಕರೆ ಬಂತು. ಅಪ್ಪ ಒಪ್ಪಿ ಮಾತು ಕೊಟ್ಟರು. ಬಂದರಿನಿಂದ ಸ್ಟೀಮರಿನಲ್ಲಿ ಬೊಂಬಾಯಿ, ಅಲ್ಲಿಂದ ದೊಡ್ಡ ಹಡಗು. ಉಳಿಗಳಿಗೆ ಎಣ್ಣೆ ಬಟ್ಟೆ ಸುತ್ತಿ ಟ್ರಂಕಿಗೆ ಹಾಕಿಯಾಗಿತ್ತು. ಮಿಡಿ ಉಪ್ಪಿನಕಾಯಿಯ ಭರಣಿಯ ಬಾಯಿಗೆ ಮೇಣ ಸುರಿದು ಮುಚ್ಚಿಯೂ ಆಗಿತ್ತು. ಅಮ್ಮ ಮಾತ್ರ ತನ್ನ ಒಂದೇ ಒಂದು ಸೀರೆಯನ್ನೂ ಮಡಚಿರಲಿಲ್ಲ.

ಕಾರಣ ನಮ್ಮ ಸಾಮು. ನನಗಿಂತ ಎರಡು ವರ್ಷಕ್ಕೆ ಚಿಕ್ಕ ತಮ್ಮ. ಹಿಂದಿನ ವರ್ಷ ಟೈಫಾಯ್ಡ್ ಬಂದು ಹದಿನೆಂಟಕ್ಕೇ ತೀರಿಹೋಗಿದ್ದ. ಅಮ್ಮ ವಾರಕ್ಕೊಮ್ಮೆ ಸಮಾಧಿಯ ಹತ್ತಿರ ಹೋಗಿ ಹುಲ್ಲು ಕಿತ್ತು ಬರುತ್ತಿದ್ದಳು. ಅಪ್ಪನಾದರೋ ಮಣ್ಣು ಹಾಕಿ ಬಂದ ದಿನದಿಂದ ಅವನ ಹೆಸರನ್ನೇ ಎತ್ತಿರಲಿಲ್ಲ.

ಹೊರಡುವ ಮುನ್ನಾ ದಿನ ಮಧ್ಯಾಹ್ನ, ಊಟದ ತಟ್ಟೆ ತೆಗೆಯುತ್ತಾ ಅಮ್ಮ ಮೆಲ್ಲಗೆ ಹೇಳಿದಳು, "ನೀವಿಬ್ಬರು ಹೋಗಿ. ನಾನು ಬರುವುದಿಲ್ಲ."

"ಈಗ ಹೇಳುವುದಾ?" ಅಂದರು ಅಪ್ಪ.

"ನಿಮಗೆ ಅವನು ಮರೆತು ಹೋಗಿದ್ದಾನೆ, ಹೋಗ್ಲಿಕ್ಕೆ ಆಗ್ತದೆ. ನಾನು ಅವನನ್ನು ಇಲ್ಲಿ ಒಬ್ಬನೇ ಬಿಟ್ಟು ಎಲ್ಲಿಗೆ ಹೋಗುವುದು?"

ಅಪ್ಪ ಎದ್ದು ಹಿತ್ತಲಿಗೆ ಹೋದರು. ಅಮ್ಮ ಬಾರದೆ ಅಪ್ಪ ಹೊರಡುವವರಲ್ಲ, ಹೊರಡದಿದ್ದರೆ ಕೊಟ್ಟ ಮಾತು ಮಣ್ಣುಪಾಲು. ಹೋದರೂ ಮುರಿಯುವ, ನಿಂತರೂ ಮುರಿಯುವ ಸಂಸಾರವನ್ನು ನೋಡುತ್ತಾ ನನಗೆ ನಿಜಕ್ಕೂ ಭಯವಾಗಿತ್ತು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಮಾತು ತುಳುವಿನಲ್ಲಿ, ಸಂಜೆಯ ಪ್ರಾರ್ಥನೆ ಕನ್ನಡದಲ್ಲಿ, ಪ್ರಾರ್ಥನೆಯ ಕೊನೆಗೆ ನಾಲ್ಕು ಸ್ವರದಲ್ಲಿ ಒಂದು ಗೀತೆ. ಅಮ್ಮನದು ಮೇಲಿನ ಸ್ವರ, ಅದರ ಕೆಳಗೆ ನನ್ನದು, ಮೂರನೆಯದು ಟೆನರ್ ಎಂಬ ಗಂಡುದನಿಯ ಎತ್ತರದ ಸ್ವರ, ಎಲ್ಲಕ್ಕೂ ಕೆಳಗೆ ಅಪ್ಪನ ಬಾಸ್. ಟೆನರ್ ಸಾಮುವಿನದು. ಒಂದು ಗೀತೆಯ ಮೂರನೆಯ ಸಾಲಿನಲ್ಲಿ ಅವನ ಸ್ವರ ಕೆಳಗಿಳಿಯಬೇಕು. ಪುಣ್ಯಾತ್ಮ ಒಂದು ದಿನವೂ ಇಳಿದವನಲ್ಲ, ಮೇಲೆಯೇ ನಿಲ್ಲುತ್ತಿದ್ದ. ಅಪ್ಪ ಮೇಜಿನ ಮೇಲೆ ಬೆರಳು ಬಡಿದು "ಇಳಿ ಮಾರಾಯ, ಇಳಿ" ಎನ್ನುತ್ತಿದ್ದರು. ಅವನು ಹೋದ ಮೇಲೆ ನಮ್ಮಲ್ಲಿ ಹಾಡು ನಿಂತಿತ್ತು, ಬರೀ ಪ್ರಾರ್ಥನೆ.

ಆ ಸಂಜೆ ದೀಪ ಹಚ್ಚಿ ಕೂತಾಗ ಅಪ್ಪ, "ಮನೆ ಬಿಡುವಾಗ ಹಾಡದೆ ಬಿಡಬಾರದು" ಎಂದು ಅದೇ ಗೀತೆಯನ್ನು ಎತ್ತಿಕೊಂಡರು. ಅದನ್ನೇ ಏಕೆ ಆರಿಸಿದರೋ ತಿಳಿಯದು. ಅಮ್ಮ ಕಣ್ಣು ಮುಚ್ಚಿ, ಗೋಡೆಗೆ ಒರಗಿಯೇ ಹಾಡಿದಳು.

ಮೂರು ಸ್ವರದ ಹಾಡು ಒಂದು ಕಾಲು ಮುರಿದ ಮೇಜಿನ ಹಾಗೆ ಓಲಾಡುತ್ತಿತ್ತು. ಎರಡನೆಯ ಸಾಲು ಮುಗಿಯುವಾಗ ಓಲಾಟ ನಿಂತಿತು. ನನ್ನ ಎಡಗಡೆ, ಸಾಮು ಕೂರುತ್ತಿದ್ದ ಕಡೆಯಿಂದ, ಟೆನರ್ ಕೇಳುತ್ತಿತ್ತು. ದೊಡ್ಡದಾಗಿ ಅಲ್ಲ, ಪಕ್ಕದವರು ಹಾಡುವಾಗ ಎಷ್ಟು ಕೇಳುತ್ತದೋ ಅಷ್ಟೇ. ಆಶ್ಚರ್ಯವೆಂದರೆ ನನಗೆ ಹೆದರಿಕೆಯಾಗಲಿಲ್ಲ. ಮೂರನೆಯ ಸಾಲು ಬಂತು. ಆ ಸ್ವರ ಇಳಿಯಲಿಲ್ಲ, ಮೇಲೆಯೇ ನಿಂತಿತು.

ಅಪ್ಪನ ಬೆರಳು ಮೇಜಿಗೆ ಬಡಿಯಿತು. "ಸಾಮು, ಇಳಿ ಮಾರಾಯ" ಅಂದರು.

ಬಾಸ್ ನಿಂತರೂ ಟೆನರ್ ಇನ್ನೂ ಎರಡು ಅಕ್ಷರ ಮುಂದಕ್ಕೆ ಹೋಯಿತು. ಆಮೇಲೆ ಇಲ್ಲ. ಅಪ್ಪ ತಮ್ಮ ಬೆರಳನ್ನೇ ನೋಡುತ್ತಾ ಕೂತರು. ಹೆಣದ ಮುಂದೆಯೂ ಅಳದ ಮನುಷ್ಯ, ಆಗ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು.

ಅಷ್ಟರಲ್ಲಿ ಜಗಲಿಯಿಂದ ಬೀಪಾತುಮ್ಮ ಒಳಗೆ ಇಣುಕಿದರು. ಆ ತಿಂಗಳಷ್ಟೇ ಪಕ್ಕದ ಮನೆಗೆ ಬಂದ ಬ್ಯಾರಿ ಮುಸ್ಲಿಂ ಹೆಂಗಸು. ನಮಗೊಬ್ಬ ಮಗ ಇದ್ದನೆಂಬುದೇ ಅವರಿಗೆ ಗೊತ್ತಿರಲಿಲ್ಲ. ದಾರಿಗೆಂದು ರೊಟ್ಟಿ ಕಟ್ಟಿ ತಂದವರು, ಪ್ರಾರ್ಥನೆ ಮುಗಿಯಲಿ ಎಂದು ಹೊರಗೆ ಕೂತಿದ್ದರಂತೆ.

"ಅಕ್ಕ, ಇದು ನಾಲ್ಕು ಜನರಿಗೆ ಸಾಕಾಗ್ತದಾ?" ಅಂದರು. "ನೆಂಟರು ಬಂದದ್ದು ನನಗೆ ಗೊತ್ತಿರಲಿಲ್ಲ. ಪ್ರಾಯದ ಹುಡುಗ ಅಲ್ವಾ ಹಾಡಿದ್ದು?"

ಅಮ್ಮ ಎದ್ದು ಕಟ್ಟು ಇಸಿದುಕೊಂಡು, "ಸಾಕಾಗ್ತದೆ" ಅಂದಳು. ಬೀಪಾತುಮ್ಮ ಹೋದ ಮೇಲೆ ಅಪ್ಪನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಳು. "ನಿಮಗೆ ಮರೆತಿರಲಿಲ್ಲ" ಎಂದಷ್ಟೇ ಹೇಳಿ, ಒಳಗೆ ಹೋಗಿ ಸೀರೆ ಮಡಚತೊಡಗಿದಳು. ಮರುದಿನ ಮೂವರೂ ಸ್ಟೀಮರ್ ಹತ್ತಿದೆವು.

ಮುಂದೆ ನಾನು ಪುಸ್ತಕ ತಿರುವಿದ್ದೇ ತಿರುವಿದ್ದು. ಸ್ವರಗಳು ಸರಿಯಾಗಿ ಕೂಡಿದರೆ ಯಾರೂ ಹಾಡದ ಇನ್ನೊಂದು ಸ್ವರ ಕಿವಿಗೆ ಕೇಳಿಸುವುದುಂಟು ಎನ್ನುತ್ತದೆ ಭೌತಶಾಸ್ತ್ರ. ಓದಿ ಸಮಾಧಾನಪಟ್ಟುಕೊಂಡೆ. ಆದರೆ ಹಾಗೆ ಹುಟ್ಟುವ ಸ್ವರ ಸಾಮುವಿನ ತಪ್ಪನ್ನೇ ಹೇಗೆ ಹಾಡೀತು? ಜಗಲಿಯಲ್ಲಿ ಕೂತ ಬೀಪಾತುಮ್ಮನಿಗೆ ಹುಡುಗನ ಸ್ವರವಾಗಿ ಹೇಗೆ ಕೇಳೀತು?

ಇದಕ್ಕಿಂತ ಬಿಡಿಸಲಾಗದ ಒಗಟು ಇನ್ನೊಂದುಂಟು. ಹಡಗಿನಲ್ಲಿ ಒಂದು ಸಂಜೆ ಅಮ್ಮ ನನ್ನ ಹತ್ತಿರ ಕೂತು ಹೇಳಿದಳು: ಅವಳಿಗೆ ಆ ಸ್ವರ ಕೇಳಿಸಿಯೇ ಇರಲಿಲ್ಲ. ಅವಳು ಕೇಳಿದ್ದು ಮೇಜಿನ ಬಡಿತ, ಅಪ್ಪನ ಬಾಯಲ್ಲಿ ಮಗನ ಹೆಸರು, ಅಷ್ಟೇ. ಆಫ್ರಿಕದಲ್ಲಿ ಇದ್ದಷ್ಟು ವರ್ಷವೂ ಪ್ರತಿ ಸಂಜೆ ಅದೇ ಗೀತೆ ಬೇಕೆನ್ನುತ್ತಿದ್ದಳು. ಅವಳಿಗೂ ಕೇಳಲಿಲ್ಲ, ನಮಗೂ ಮತ್ತೆ ಕೇಳಲಿಲ್ಲ.

ಕೊನೆಗಾಲದಲ್ಲಿ, ಮಂಗಳೂರಿಗೆ ಮರಳಿದ ಮೇಲೂ, ನನ್ನ ಕೈ ಹಿಡಿದು ಕೇಳುತ್ತಿದ್ದಳು:

"ನೀನು ನಿಜವಾಗಿ ಕೇಳಿದ್ದಾ?"

"ಕೇಳಿದ್ದೇನಮ್ಮ."

"ಇಳಿದನಾ?"

"ಇಲ್ಲಮ್ಮ, ಮೇಲೆಯೇ ನಿಂತ."

"ಹಾಗಾದ್ರೆ ಅವನೇ" ಎಂದು ಮಗ್ಗುಲು ಬದಲಿಸಿ ಮಲಗುತ್ತಿದ್ದಳು.